ಪುಸ್ತಕ ನಿಮ್ದು, ದುಡ್ಡೂ ನಿಮ್ದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ರಿಟೈರ್ಡ್ ಹೈಸ್ಕೂಲ್ ಟೀಚರ್. ನನ್ನ ಕಥೆಗಳನ್ನ ನಾನೇ ಪುಸ್ತಕ ಮಾಡಿಸ್ಬೇಕು ಅಂತಿದೀನಿ. ಫೇಸ್‌ಬುಕ್ಕಲ್ಲಿ ಸಿಕ್ಕಿದ ಒಂದು ಪಬ್ಲಿಷಿಂಗ್ ಕಂಪನಿಯೋರು 60 ಸಾವಿರದ ಪ್ಯಾಕೇಜ್ ಹೇಳ್ತಿದಾರೆ, ಐಎಸ್‌ಬಿಎನ್, ಕಾಪಿರೈಟ್, ಬೆಸ್ಟ್ ಸೆಲ್ಲರ್ ಬ್ಯಾಡ್ಜು, ಒಂದು ಅವಾರ್ಡು ಎಲ್ಲಾ ಸೇರಿ ಅಂತೆ. ಇವತ್ತೇ ಕಟ್ಟಿದ್ರೆ ಡಿಸ್ಕೌಂಟಂತೆ. ಕಟ್ಲಾ?
– ಓದುಗರು, ತಿಪಟೂರು

ಉತ್ತರ: ಕಟ್ಬೇಡಿ ಮೇಡಂ. ಇವತ್ತೇ ಕಟ್ಟಿ ಅಂತ ಅವಸರ ಮಾಡೋರ ಹತ್ರ ಅಂತೂ ಬೇಡ್ವೇ ಬೇಡ. ಐಎಸ್‌ಬಿಎನ್ ಅಂದ್ರೆ ಪುಸ್ತಕದ ಗುರುತಿನ ನಂಬರು, ಅದು ನಮ್ಮ ದೇಶದಲ್ಲಿ ಪೂರ್ತಿ ಉಚಿತ, ಕೇಂದ್ರ ಸರ್ಕಾರದ ರಾಜಾ ರಾಮಮೋಹನ್ ರಾಯ್ ಏಜೆನ್ಸಿ ಪೋರ್ಟಲ್ಲಲ್ಲಿ ಲೇಖಕರೇ ಅರ್ಜಿ ಹಾಕ್ಬಹುದು. ಕಂಪನಿಯೋರು ಅವರ ಹೆಸರಲ್ಲಿ ತಗೊಂಡ್ರೆ ದಾಖಲೇಲಿ ಪ್ರಕಾಶಕರು ಅವರಾಗ್ತಾರೆ, ನೀವಲ್ಲ, ಇದನ್ನ ಯಾರೂ ಮೊದ್ಲೇ ಹೇಳಲ್ಲ. ಕಾಪಿರೈಟು ನೀವು ಕಥೆ ಬರೆದಾಗ್ಲೇ ನಿಮ್ಮದಾಗಿದೆ, ರಿಜಿಸ್ಟರ್ ಮಾಡಿಸೋದು ಕಡ್ಡಾಯ ಅಲ್ಲ, ಮಾಡಿಸ್ಲೇಬೇಕು ಅಂದ್ರೂ ಸರ್ಕಾರಿ ಫೀಸು 500 ರೂಪಾಯಿ ಅಷ್ಟೇ. ಬೆಸ್ಟ್ ಸೆಲ್ಲರ್ ಬ್ಯಾಡ್ಜು ಆನ್‌ಲೈನ್ ಅಂಗಡೀಲಿ ಯಾರೂ ನೋಡದ ಸಣ್ಣ ಕೆಟಗರಿಗೆ ಪುಸ್ತಕ ತಳ್ಳಿ ಒಂದೇ ದಿನ ಕೆಲವು ಕಾಪಿ ಮಾರಿದ್ರೂ ಬರುತ್ತೆ. ದುಡ್ಡು ಕೊಟ್ಟು ತಗೊಳ್ಳೋ ಅವಾರ್ಡಿಗೆ ಯಾವ ಓದುಗನೂ ಬೆಲೆ ಕೊಡಲ್ಲ.

ಒಂದು ವಿಷ್ಯ ನೋಡಿ, ನಿಮ್ಮಿಂದ್ಲೇ ಪೂರ್ತಿ ದುಡ್ಡು ಬಂದ್ಮೇಲೆ ಆ ಕಂಪನಿಗೆ ಪುಸ್ತಕ ಮಾರೋ ದರ್ದು ಏನಿದೆ, ಅವರ ಗಿರಾಕಿ ನೀವೇ. ಮುಂದೆ ಸಿನಿಮಾ ರೈಟ್ಸ್ ಕೇಳ್ತಿದಾರೆ, ಸ್ಕ್ರಿಪ್ಟ್ ಮಾಡಕ್ಕೆ ಇಷ್ಟು ಕಟ್ಟಿ ಅಂತಾನೂ ಫೋನ್ ಬರುತ್ತೆ. ನಿಜವಾಗ್ಲೂ ರೈಟ್ಸ್ ಬೇಕಾದೋನು ಲೇಖಕರಿಗೆ ದುಡ್ಡು ಕೊಡ್ತಾನೆ, ಕೇಳಲ್ಲ.

ಆ ದುಡ್ಡನ್ನ ಒಳ್ಳೆ ಕರಡು ತಿದ್ದೋರಿಗೆ ಮತ್ತೆ ಪ್ರೆಸ್ಸಿಗೆ ಕೊಡಿ. ಎರಡು ಮೂರು ಪ್ರೆಸ್ಸಲ್ಲಿ ಕೊಟೇಶನ್ ತಗೊಳ್ಳಿ, 1/8 ಡೆಮಿ (ಪುಸ್ತಕದ ಅಳತೆ), 70 ಜಿಎಸ್‌ಎಂ ಮ್ಯಾಪ್‌ಲಿಥೋ (ಕಾಗದದ ತೂಕ, ಬಗೆ), ಎಷ್ಟು ಪುಟ, ಎಷ್ಟು ಪ್ರತಿ ಅಂತ ಬರೆದೇ ಕೇಳಿ, ಆಗ್ಲೇ ಒಂದಕ್ಕೊಂದು ಹೋಲಿಸಕ್ಕಾಗೋದು. ನುಡಿ ತಂತ್ರಾಂಶದ ಹಳೇ ಫಾಂಟಲ್ಲಿ ಟೈಪ್ ಮಾಡಿದ್ರೆ ಯೂನಿಕೋಡ್‌ಗೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು ಎಡವಟ್ಟಾಗ್ತವೆ, ಅದಾದ್ಮೇಲೆ ಇನ್ನೊಂದು ಸಲ ಪೂರ್ತಿ ಓದ್ಲೇಬೇಕು. ಪುಟ ಜೋಡಿಸಿ ಡಿಟಿಪಿ ಮಾಡಿದೋರಿಂದ ಪಿಡಿಎಫ್ ಜೊತೆ ತಿದ್ದಕ್ಕಾಗೋ ಓಪನ್ ಫೈಲೂ ಇಸ್ಕೊಳ್ಳಿ, ಇಲ್ಲಾಂದ್ರೆ ಎರಡನೇ ಮುದ್ರಣಕ್ಕೆ ಮತ್ತೆ ಅವರ ಕೈ ಕಾಯ್ಬೇಕಾಗುತ್ತೆ. ಹಾಗೇ ನಿಮ್ಮ ಹಳೇ ಸ್ಟೂಡೆಂಟ್ಸ್ ಯಾರಾದ್ರೂ ಬರೀತಿದ್ರೆ ಹೇಳಿ, ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ.

ಪ್ರಶ್ನೆ: 500 ಪ್ರತಿ ಹಾಕಿಸಿದೆ, ಮುಕ್ಕಾಲು ಭಾಗ ಇನ್ನೂ ಮನೇಲೇ ಇದೆ. ಈಗ ಆರ್ಮಿ ಆಫೀಸರ್ ಅಂತ ಒಬ್ರು ಫೋನ್ ಮಾಡಿ ಲೈಬ್ರರಿಗೆ 200 ಕಾಪಿ ಬೇಕು, ಕ್ಯೂಆರ್ ಕಳಿಸ್ತೀನಿ ಸ್ಕ್ಯಾನ್ ಮಾಡಿದ್ರೆ ಅಡ್ವಾನ್ಸ್ ಬರುತ್ತೆ ಅಂತಿದಾರೆ. ನಂಬ್ಬಹುದಾ ಸರ್?
– ಓದುಗರು, ಶಿರಸಿ

ಉತ್ತರ: ನಂಬ್ಬೇಡಿ. ದುಡ್ಡು ತಗೊಳ್ಳೋಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ, ಪಿನ್ ಒತ್ತಿದ್ರಿ ಅಂದ್ರೆ ನಿಮ್ಮ ಅಕೌಂಟಿಂದ ಹೋಗುತ್ತೆ. ಈಗಾಗ್ಲೇ ಹೋಗಿದ್ರೆ ತಡ ಮಾಡ್ದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇಗ ಮಾಡಿದಷ್ಟೂ ದುಡ್ಡನ್ನ ತಡೆಹಿಡಿಯೋ ಚಾನ್ಸ್ ಜಾಸ್ತಿ.

ಇನ್ನು ಮಾರೋ ಮಾತು. ಮೊದಲ ನೂರು ಓದುಗರು ನಿಮ್ಮನ್ನ ಬಲ್ಲೋರೇ ಆಗಿರ್ತಾರೆ, ಅದರಲ್ಲಿ ಸಂಕೋಚ ಏನೂ ಬೇಡ. ಪುಸ್ತಕದ ಒಂದು ಒಳ್ಳೆ ಭಾಗ ಎರಡು ಪುಟದಷ್ಟು ವಾಟ್ಸಾಪಲ್ಲಿ ಹಾಕಿ, ಕೆಳಗೆ ಬೆಲೆ, ಅಂಚೆ ವೆಚ್ಚ, ನಿಮ್ಮ ಯುಪಿಐ ನಂಬರು ಕೊಡಿ, ಬರೀ ಮುಖಪುಟ ಹಾಕಿ "ಕೊಳ್ಳಿ" ಅಂದ್ರೆ ಯಾರೂ ಕೊಳ್ಳಲ್ಲ. ಕೊರಿಯರ್‌ಗಿಂತ ಅಂಚೆ ಇಲಾಖೆಯ ಜ್ಞಾನ್ ಪೋಸ್ಟ್ ಅಗ್ಗ, 2025ರ ಮೇನಲ್ಲಿ ಶುರುವಾಗಿದ್ದು, ಆಗಿನ ದರ 300 ಗ್ರಾಂವರೆಗೆ 20 ರೂಪಾಯಿ ಪ್ಲಸ್ ತೆರಿಗೆ. ಅಂಗಡಿಯೋರು ಮೂವತ್ತು ನಲವತ್ತು ಪರ್ಸೆಂಟ್ ಕಮಿಷನ್ ಕೇಳಿದ್ರೆ ಮೋಸ ಅಂದ್ಕೋಬೇಡಿ, ಅದು ಮಾಮೂಲಿ, ಆದ್ರೆ ಮೊದ್ಲು ಹತ್ತೇ ಪ್ರತಿ ಕೊಟ್ಟು ಸಹಿ ಹಾಕಿದ ರಸೀದಿ ಇಸ್ಕೊಳ್ಳಿ, ಮಾರಾಟ ಆದ್ಮೇಲೆ ಹೋಗಿ ಲೆಕ್ಕ ಕೇಳಿ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಸಗಟು ಖರೀದಿಗೆ ಪ್ರಕಟಣೆ ಹೊರಡಿಸಿದಾಗ ಲೇಖಕ-ಪ್ರಕಾಶಕರಾಗಿ ನೀವೇ ಅರ್ಜಿ ಹಾಕಿ, ಪುಸ್ತಕ ಯಾವ ವರ್ಷದ್ದು ಅನ್ನೋದು ಅಲ್ಲಿ ಮುಖ್ಯ, ಮೊದಲ ಮುದ್ರಣದ ವರ್ಷ ಒಳಪುಟದಲ್ಲಿ ಸರಿಯಾಗಿದ್ಯಾ ಈಗ್ಲೇ ನೋಡ್ಕೊಳ್ಳಿ. ಸೆಲೆಕ್ಟ್ ಮಾಡಿಸಿಕೊಡ್ತೀನಿ, ಇಷ್ಟು ಕೊಡಿ ಅಂತ ಯಾರಾದ್ರೂ ಬಂದ್ರೆ ಬಾಗಿಲಿಂದಾನೇ ವಾಪಸ್ ಕಳಿಸಿ.