ಜೀವನಾಂಶ ಕೇಳಿದರೆ ಮಗು ಕೈತಪ್ಪುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಭಯದ ಸುತ್ತ ಇದ್ದವು. ಮದುವೆ ಆಗಿಲ್ಲ, ಮಗು ಇದೆ. ತಂದೆಯ ಹತ್ತಿರ ಖರ್ಚಿಗೆ ಕೇಳಿದರೆ ಅವನಿಗೆ ಮಗುವಿನ ಮೇಲೆ ಹಕ್ಕು ಬಂದುಬಿಡುತ್ತಾ? ಹಾಗಾಗಿ ಈ ಸಂಚಿಕೆಯ ಜಾಗವನ್ನೆಲ್ಲ ಇದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾನು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡ್ತೀನಿ. ನಾಲ್ಕು ವರ್ಷದ ಮಗಳಿದ್ದಾಳೆ. ಅವಳ ತಂದೆ ಜೊತೆ ಬೆಂಗಳೂರಲ್ಲಿ ಒಂದೇ ಮನೆಯಲ್ಲಿದ್ದೆ, ಮದುವೆ ಆಗಿರಲಿಲ್ಲ. ಮಗು ಹುಟ್ಟಿದ ಮೇಲೆ ಅವನು ಬಿಟ್ಟು ಹೋದ. ಈಗ ಅಮ್ಮನ ಮನೆಯಲ್ಲಿದ್ದೀನಿ. ಮಗಳನ್ನ ಸ್ಕೂಲಿಗೆ ಸೇರಿಸಬೇಕು, ಕೈಯಲ್ಲಿ ದುಡ್ಡಿಲ್ಲ. ಕೇಸ್ ಹಾಕ್ತೀನಿ ಅಂದ್ರೆ ಭಾವ ಬೇಡ ಅಂತಾರೆ. 'ಅವನೇ ಅಪ್ಪ ಅಂತ ಕೋರ್ಟಲ್ಲಿ ನೀನೇ ಬರೆದುಕೊಟ್ಟ ಹಾಗಾಗುತ್ತೆ, ಆಮೇಲೆ ಮಗುನ ಕಿತ್ಕೊಂಡು ಹೋಗ್ತಾನೆ' ಅಂತಾರೆ. ಅವನ ಕಡೆಯವರು ಎರಡು ಲಕ್ಷ ಕೊಡ್ತೀವಿ, ಮುಂದೆ ಏನೂ ಕೇಳಲ್ಲ ಅಂತ ಬಾಂಡ್ ಪೇಪರ್ ಮೇಲೆ ಸೈನ್ ಹಾಕು, ಅವನೂ ಮಗು ತಂಟೆಗೆ ಬರಲ್ಲ ಅಂತ ಬರೆದುಕೊಡ್ತಾನೆ ಅಂತಿದ್ದಾರೆ. ಏನು ಮಾಡಲಿ?
— ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ನೋಡಮ್ಮ, ಮೊದಲು ಆ ಬಾಂಡ್ ಪೇಪರ್ ಪಕ್ಕಕ್ಕಿಡಿ. ಸೈನ್ ಹಾಕಬೇಡಿ. ಜೀವನಾಂಶ ಮಗುವಿನ ಹಕ್ಕು. ಮಗುವಿನ ಪರವಾಗಿ ಅದನ್ನು ಕೇಳುವ ಅಧಿಕಾರ ನಿಮಗಿದೆ, ಬಿಟ್ಟುಕೊಡುವ ಅಧಿಕಾರ ಇಲ್ಲ. ಎರಡು ಲಕ್ಷ ತಗೊಂಡು ಬರೆದುಕೊಟ್ಟರೂ ನಾಳೆ ಮಗಳ ಹೆಸರಲ್ಲಿ ಅರ್ಜಿ ಹಾಕಲು ಆ ಕಾಗದ ಅಡ್ಡ ಬರಲ್ಲ. ಹಾಗೇ 'ಮಗು ತಂಟೆಗೆ ಬರಲ್ಲ' ಅಂತ ಅವನು ಬರೆದುಕೊಟ್ಟರೆ ಅದೂ ಕೋರ್ಟನ್ನು ಕಟ್ಟಿಹಾಕಲ್ಲ. ಮಗುವಿಗೆ ಏನು ಒಳ್ಳೆಯದು ಅಂತ ಕೋರ್ಟ್ ತಾನೇ ನೋಡುತ್ತೆ. ಅಂದರೆ ಎರಡೂ ಕಡೆ ಆ ಕಾಗದಕ್ಕೆ ಬೆಲೆ ಇಲ್ಲ. ಲೆಕ್ಕ ಹಾಕಿ ನೋಡಿ, ಮಗಳಿಗೆ 18 ತುಂಬೋಕೆ ಇನ್ನೂ 14 ವರ್ಷ ಇದೆ. ಎರಡು ಲಕ್ಷವನ್ನು ಅಷ್ಟು ತಿಂಗಳಿಗೆ ಹಂಚಿದರೆ ತಿಂಗಳಿಗೆ 1,200 ರೂಪಾಯಿ ಕೂಡ ಬರಲ್ಲ.

ಈಗ ನಿಮ್ಮ ಭಾವ ಹೇಳಿದ ಮಾತು. ಅದು ಹುಟ್ಟಿದ್ದು ಕಾಳಜಿಯಿಂದಲೇ ಇರಬಹುದು, ಆದರೆ ಕಾನೂನು ಹಾಗಿಲ್ಲ. ನೀವು ಹಿಂದೂ ಆಗಿದ್ದರೆ 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆಯ 6ನೇ ಸೆಕ್ಷನ್ ನಿಮ್ಮ ಪರ ಇದೆ. ಮದುವೆಯೊಳಗೆ ಹುಟ್ಟಿದ ಮಗುವಿಗೆ ಆ ಸೆಕ್ಷನ್ ಪೋಷಕರಾಗಿ ತಂದೆಯನ್ನು ಮೊದಲು ಹೇಳುತ್ತೆ. ಮದುವೆ ಇಲ್ಲದೆ ಹುಟ್ಟಿದ ಮಗುವಿಗೆ ಕ್ರಮ ಉಲ್ಟಾ, ಮೊದಲು ತಾಯಿ, ತಾಯಿಯ ನಂತರ ತಂದೆ. ಜೀವನಾಂಶದ ಆದೇಶ ಆದ ಮಾತ್ರಕ್ಕೆ ಈ ಕ್ರಮ ಬದಲಾಗಲ್ಲ. ತಿಂಗಳಿಗೆ ಐದು ಸಾವಿರ ಕಟ್ಟಿದ ಅಂತ ಅವನು ಒಂದು ಮೆಟ್ಟಿಲು ಮೇಲೆ ಬರಲ್ಲ, ಕಟ್ಟದೆ ತಪ್ಪಿಸಿಕೊಂಡ ಅಂತ ತಂದೆ ಅನ್ನೋ ಹೊಣೆ ಹೋಗಲ್ಲ. ಬೇರೆ ಧರ್ಮದವರಿಗೂ ಒಂದು ಮಾತು. 2015ರಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಅವಿವಾಹಿತ ಕ್ರೈಸ್ತ ತಾಯಿಯ ಕೇಸಿನಲ್ಲಿ, ತಂದೆಯ ಹೆಸರು ಹೇಳದೆ, ಅವನಿಗೆ ನೋಟಿಸ್ ಕೊಡದೆಯೂ ಆಕೆ ತನ್ನ ಮಗುವಿಗೆ ಪೋಷಕಿ ಆಗಬಹುದು ಅಂತ ತೀರ್ಪು ಕೊಟ್ಟಿದೆ.

ಹಾಗಂತ ನಿಮಗೆ ಅರ್ಧ ಸತ್ಯ ಹೇಳಿ ಕಳಿಸಲ್ಲ. ಕೇಸಿನಲ್ಲಿ ಅವನೇ ತಂದೆ ಅಂತ ದಾಖಲಾದರೆ, ಮಗುವನ್ನು ನೋಡಬೇಕು ಅಂತ ಅವನು ಅರ್ಜಿ ಹಾಕುವುದು ಸುಲಭವಾಗುತ್ತೆ. ನೋಡೋಕೆ ಅವಕಾಶ ಸಿಗಲೂಬಹುದು. ಆದರೆ ಈ ಅರ್ಜಿಯನ್ನು ನೀವು ಜೀವನಾಂಶ ಕೇಳದಿದ್ದರೂ ಅವನು ಹಾಕಬಹುದಿತ್ತು, ಇವತ್ತೂ ಹಾಕಬಹುದು. ನೀವು ಸುಮ್ಮನಿದ್ದರೆ ಆ ಬಾಗಿಲೇನೂ ಮುಚ್ಚಲ್ಲ, ಮಗಳ ಫೀಸು ಮಾತ್ರ ನಿಂತುಹೋಗುತ್ತೆ. ನಾಲ್ಕು ವರ್ಷ ತಿರುಗಿ ನೋಡದ ತಂದೆ, ನೋಟಿಸ್ ಬಂದ ಮರುವಾರ 'ಮಗು ನನಗೇ ಬೇಕು' ಅಂತ ಅರ್ಜಿ ಹಾಕಿದರೆ ಕೋರ್ಟ್ ಕೇಳುವ ಮೊದಲ ಪ್ರಶ್ನೆ, ಇಷ್ಟು ದಿನ ಎಲ್ಲಿದ್ದೆ ಅಂತ. ಇಂಥ ಅರ್ಜಿಯನ್ನು ಬೆದರಿಕೆಗೆ ಹಾಕುವವರೇ ಜಾಸ್ತಿ.

ನಿಮ್ಮ ಮನಸ್ಸಿನಲ್ಲಿ ಇನ್ನೊಂದು ಭಯ ಇದ್ದೇ ಇರುತ್ತೆ, ನನಗೇನಾದರೂ ಆದರೆ ಮಗು ಯಾರ ಕೈಗೆ ಅಂತ. 'ತಾಯಿಯ ನಂತರ ತಂದೆ' ಅಂತ ಕಾನೂನು ಹೇಳುತ್ತೆ ಅಂದೆ ಅಲ್ವಾ, ಅದೇ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ನಿಮ್ಮಂಥ ತಾಯಿ ಮಗುವಿಗೆ ಯಾರು ಪೋಷಕರಾಗಬೇಕು ಅಂತ ವಿಲ್ ಬರೆದಿಡಬಹುದು. ನಿಮ್ಮ ಅಮ್ಮನ ಹೆಸರೋ ಅಕ್ಕನ ಹೆಸರೋ ಬರೆಯಿರಿ, ಇಬ್ಬರು ಸಾಕ್ಷಿಗಳ ಸಹಿ ಮಾಡಿಸಿ. ಮುಂದೆ ತಕರಾರು ಬಂದರೆ ಕೋರ್ಟ್ ಮಗುವಿನ ಹಿತ ನೋಡಿಯೇ ತೀರ್ಮಾನ ಮಾಡುತ್ತೆ, ಆದರೆ ನಿಮ್ಮ ಇಷ್ಟ ಏನಿತ್ತು ಅನ್ನೋದು ಕಾಗದದ ಮೇಲೆ ಇರುತ್ತೆ. ಆಸ್ತಿ ಇದ್ದವರಷ್ಟೇ ವಿಲ್ ಬರೆಯಬೇಕು ಅಂತ ನಮ್ಮಲ್ಲಿ ತುಂಬಾ ಜನ ಅಂದುಕೊಂಡಿದ್ದಾರೆ.

ಇನ್ನು ಅರ್ಜಿ. ಹಳೇ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125ನೇ ಸೆಕ್ಷನ್ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ, 2024ರ ಜುಲೈ 1ರಿಂದ. ಮದುವೆಯಿಂದ ಹುಟ್ಟಿದ ಮಗು, ಮದುವೆ ಇಲ್ಲದೆ ಹುಟ್ಟಿದ ಮಗು, ಎರಡಕ್ಕೂ ತಂದೆ ಖರ್ಚು ಕೊಡಬೇಕು ಅಂತ ಅದರಲ್ಲಿ ಬಿಡಿಸಿಯೇ ಹೇಳಿದೆ. ಎಲ್ಲ ಧರ್ಮದವರಿಗೂ ಇದು ಒಂದೇ. ಅರ್ಜಿದಾರರ ಜಾಗದಲ್ಲಿ ಮಗಳ ಹೆಸರು ಬರಲಿ, 'ತಾಯಿ ಮೂಲಕ' ಅಂತ ನಿಮ್ಮ ಹೆಸರು ಬರಲಿ. ಇದನ್ನು ವಕೀಲರಿಗೆ ಮೊದಲೇ ಹೇಳಿ. ಯಾಕಂದರೆ ಹೆಂಡತಿ ಅಂತ ನಿಮಗೆ ಕೇಳಿಕೊಂಡರೆ ಮದುವೆ ಆಗಿತ್ತಾ ಇಲ್ವಾ ಅನ್ನೋ ಜಗಳದಲ್ಲೇ ಕೇಸು ಸಿಕ್ಕಿಕೊಳ್ಳುತ್ತೆ. ಮಗುವಿನ ಅರ್ಜಿಗೆ ಆ ಜಗಳ ಬೇಕಾಗಿಲ್ಲ.

ಎಲ್ಲಿ ಹಾಕಬೇಕು ಅನ್ನೋದನ್ನೂ ಗಮನಿಸಿ. ಅವನು ಈಗ ಇರುವ ಜಿಲ್ಲೆಯಲ್ಲಿ ಹಾಕಬಹುದು, ಇಲ್ಲವೇ ಅವನು ಮಗುವಿನ ತಾಯಿಯ ಜೊತೆ ಕೊನೆಯದಾಗಿ ಇದ್ದ ಜಿಲ್ಲೆಯಲ್ಲಿ. ನಿಮ್ಮ ವಿಷಯದಲ್ಲಿ ಅದು ಬೆಂಗಳೂರು. ಫ್ಯಾಮಿಲಿ ಕೋರ್ಟ್ ಇರುವ ಕಡೆ ಅಲ್ಲೇ, ಇಲ್ಲದ ಕಡೆ ಮ್ಯಾಜಿಸ್ಟ್ರೇಟ್ ಮುಂದೆ. ವಕೀಲರ ಫೀಸಿಗೆ ಸಾಲ ಮಾಡಬೇಡಿ. ಹೆಂಗಸರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತೆ. ಜಿಲ್ಲಾ ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ.

'ಮಗು ನನ್ನದಲ್ಲ' ಅಂತ ಅವನು ಹೇಳೇ ಹೇಳುತ್ತಾನೆ, ಅದಕ್ಕೆ ಗಾಬರಿ ಆಗಬೇಡಿ. ಮನೆ ಬಾಡಿಗೆ ಕರಾರು, ಹೆರಿಗೆಗೆ ಸೇರಿಸಿದಾಗ ಆಸ್ಪತ್ರೆ ಫಾರಂ ಮೇಲೆ ಅವನು ಹಾಕಿದ ಸಹಿ, ಫೋಟೋ, ಫೋನ್‌ಪೇನಲ್ಲಿ ಕಳಿಸಿದ ದುಡ್ಡು, ವಾಟ್ಸಾಪ್ ಮಾತು, ಪಕ್ಕದ ಮನೆಯವರು, ಇವೆಲ್ಲ ಸಾಕ್ಷಿಯೇ. ಹಳೇ ಫೋನ್ ಮಾರಬೇಡಿ, ಚಾಟ್ ಅಳಿಸಬೇಡಿ. ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಇದ್ದರೂ ಅರ್ಜಿ ಹಾಕಬಹುದು. ಡಿಎನ್‌ಎ ಪರೀಕ್ಷೆಯನ್ನು ಕೋರ್ಟ್ ಕೇಳಿದ ತಕ್ಷಣ ಕೊಡಲ್ಲ, ಬೇಕೇ ಬೇಕು ಅನ್ನಿಸಿದರೆ ಮಾತ್ರ ಆದೇಶ ಮಾಡುತ್ತೆ. ಆದೇಶ ಆದ ಮೇಲೂ ಅವನು ರಕ್ತ ಕೊಡಲ್ಲ ಅಂದರೆ, ಆ ನಿರಾಕರಣೆಯನ್ನೇ ಅವನ ವಿರುದ್ಧ ಲೆಕ್ಕಕ್ಕೆ ತಗೋಬಹುದು.

ಅರ್ಜಿಯ ಜೊತೆಗೇ ಮಧ್ಯಂತರ ಜೀವನಾಂಶ, ಅಂದರೆ ಕೇಸು ಮುಗಿಯೋವರೆಗಿನ ಖರ್ಚು ಕೇಳಿ. ನೋಟಿಸ್ ತಲುಪಿದ 60 ದಿನದೊಳಗೆ ಆದಷ್ಟು ಮಟ್ಟಿಗೆ ಅದನ್ನು ತೀರ್ಮಾನಿಸಬೇಕು ಅಂತ ಕಾನೂನಿದೆ. ಅದಕ್ಕಿಂತ ತಡ ಆಗುವುದೂ ಉಂಟು, ಮನಸ್ಸು ಗಟ್ಟಿ ಮಾಡಿಕೊಳ್ಳಿ. 2020ರ ರಜನೀಶ್ ಮತ್ತು ನೇಹಾ ಕೇಸಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಎರಡೂ ಕಡೆಯವರು ಆದಾಯ, ಆಸ್ತಿ, ಸಾಲದ ಅಫಿಡವಿಟ್ ಹಾಕಬೇಕು. ಸಂಬಳ, ಬ್ಯಾಂಕ್ ಖಾತೆ, ಗಾಡಿ, ಇಎಂಐ ಎಲ್ಲ ಅದರಲ್ಲಿ ಬರೆಯಬೇಕು. ಅರ್ಜಿ ಹಾಕಿದ ದಿನದಿಂದಲೇ ಹಣ ಲೆಕ್ಕ ಹಾಕಬೇಕು ಅಂತಲೂ ಆ ತೀರ್ಪು ಹೇಳಿದೆ, ಆದ್ದರಿಂದ ತಡ ಮಾಡಿದಷ್ಟೂ ಮಗಳಿಗೇ ನಷ್ಟ. ಆದೇಶ ಆದ ಮೇಲೆ ಅವನು ಬಾಕಿ ಉಳಿಸಿದರೆ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಿಬಿಡಿ. ಅದಕ್ಕಿಂತ ಹಳೇ ಬಾಕಿಗೆ ಈ ಸೆಕ್ಷನ್ನಿನಲ್ಲಿ ವಾರಂಟ್ ಸಿಗಲ್ಲ.

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ. ಅವನ ತಾಯಿಯನ್ನು ನಾನು ಮದುವೆ ಆಗಿಲ್ಲ. ಪ್ರತಿ ತಿಂಗಳು ಆರು ಸಾವಿರ ಅವಳ ಅಣ್ಣನ ಕೈಗೆ ಕೊಡ್ತಾ ಬಂದಿದ್ದೆ. ಈಗ ಅವಳು ಜೀವನಾಂಶದ ಕೇಸ್ ಹಾಕಿ, ಏನೂ ಕೊಟ್ಟೇ ಇಲ್ಲ ಅಂತ ಬರೆಸಿದ್ದಾಳೆ, ಮಗನನ್ನು ನೋಡೋಕೂ ಬಿಡ್ತಿಲ್ಲ. ದುಡ್ಡು ನಿಲ್ಲಿಸು, ತಾನಾಗೇ ದಾರಿಗೆ ಬರ್ತಾಳೆ ಅಂತ ಸ್ನೇಹಿತರು ಹೇಳ್ತಾರೆ. ದುಡ್ಡು ಕೊಡೋನಿಗೆ ಮಗನ ಮೇಲೆ ಹಕ್ಕಿಲ್ವಾ?
— ಒಬ್ಬ ತಂದೆ, ಮೈಸೂರು

ಉತ್ತರ: ದುಡ್ಡು ನಿಲ್ಲಿಸಬೇಡಿ ತಮ್ಮಾ. ಸ್ನೇಹಿತರು ಹೇಳಿದ ದಾರಿ ಹಿಡಿದರೆ ನೀವು ಮಗನನ್ನು ಇನ್ನೂ ದೂರ ಮಾಡಿಕೊಳ್ಳುತ್ತೀರಿ. ನೋಡೋಕೆ ಬಿಡಲಿಲ್ಲ ಅಂತ ಖರ್ಚು ನಿಲ್ಲಿಸೋ ಹಾಗಿಲ್ಲ. ಅದೇ ರೀತಿ ಖರ್ಚು ಬಾಕಿ ಇದೆ ಅನ್ನೋ ಒಂದೇ ಕಾರಣಕ್ಕೆ ತಾಯಿಯೂ ಭೇಟಿ ತಡೆಯೋ ಹಾಗಿಲ್ಲ. ಕೋರ್ಟ್ ಎರಡನ್ನೂ ಬೇರೆ ಬೇರೆ ನೋಡುತ್ತೆ.

ಕೈಗೆ ಕೊಟ್ಟ ಹಣಕ್ಕೆ ರಸೀದಿ ಇಲ್ಲ ಅನ್ನೋದು ನಿಮ್ಮ ದೊಡ್ಡ ತೊಂದರೆ. ಈ ತಿಂಗಳಿಂದಲೇ ಆಕೆಯ ಬ್ಯಾಂಕ್ ಖಾತೆಗೆ ಹಾಕಿ, 'ಮಗನ ಖರ್ಚು' ಅಂತ ಬರೆದು ಕಳಿಸಿ. ಹಣ ಕಟ್ಟಿದ್ದರಿಂದ ಹಕ್ಕು ಹುಟ್ಟಲ್ಲ, ಇದನ್ನು ನೇರವಾಗಿಯೇ ಹೇಳ್ತೀನಿ. ಮಗನಿಗೆ ಮೊದಲ ಪೋಷಕಿ ತಾಯಿಯೇ. ಆದರೆ ನೀವು ನಿಜವಾಗಿ ಮಗನ ಕಾಳಜಿ ಮಾಡಿದ್ದೀರಾ ಅಂತ ಕೋರ್ಟ್ ತೂಗಿ ನೋಡುವಾಗ ಬ್ಯಾಂಕ್ ದಾಖಲೆಯಷ್ಟು ಗಟ್ಟಿ ಸಾಕ್ಷಿ ಬೇರೆ ಸಿಗೋದು ಕಷ್ಟ.

ನೋಡೋಕೆ ಅವಕಾಶ ಬೇಕಿದ್ದರೆ ಪ್ರತ್ಯೇಕ ಅರ್ಜಿ ಹಾಕಬೇಕು. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ, ಮಗು ಸಾಮಾನ್ಯವಾಗಿ ವಾಸವಿರುವ ಊರಿನ ಕೋರ್ಟಿನಲ್ಲಿ. ಕಸ್ಟಡಿ ಕೇಳಬೇಡಿ, ಭೇಟಿ ಕೇಳಿ. ಆರು ವರ್ಷ ತಾಯಿ ಜೊತೆಗೇ ಬೆಳೆದ ಹುಡುಗನನ್ನು ಕಿತ್ತು ನಿಮಗೆ ಕೊಡಿ ಅಂದರೆ ನಿಮ್ಮ ಅರ್ಜಿಯ ಬಗ್ಗೆಯೇ ಅನುಮಾನ ಬರುತ್ತೆ. ಸಾಧಾರಣವಾಗಿ ಮೊದಮೊದಲು ಕೋರ್ಟಿನ ಮಕ್ಕಳ ಕೋಣೆಯಲ್ಲೇ ಒಂದೆರಡು ತಾಸು ಭೇಟಿಗೆ ಬಿಡುತ್ತಾರೆ. ಅಲ್ಲಿ ಒಬ್ಬ ತಂದೆ ದೊಡ್ಡ ರಿಮೋಟ್ ಕಾರು ಹಿಡಿದು ಬಂದಿದ್ದನ್ನು ನೋಡಿದ್ದೇನೆ. ಮಗು ಅಮ್ಮನ ವೇಲ್ ಹಿಡಿದುಕೊಂಡು ಹಿಂದೆ ಸರಿಯಿತು. ಆ ಮನುಷ್ಯ ಕರೆಯಲೂ ಇಲ್ಲ, ಎತ್ತಿಕೊಳ್ಳೋಕೂ ಹೋಗಲಿಲ್ಲ. ಕಾರನ್ನು ಬದಿಗಿಟ್ಟು ನೆಲದ ಮೇಲೆ ಕೂತು, ಅಲ್ಲಿದ್ದ ಮುರಿದ ಬ್ಲಾಕ್ಸ್ ಜೋಡಿಸುತ್ತಾ ಇದ್ದ. ಸುಮಾರು ಹೊತ್ತಾದ ಮೇಲೆ ಮಗುವೇ ಹೋಗಿ ಒಂದು ಬ್ಲಾಕ್ ಕೊಟ್ಟಿತು. ನಿಮ್ಮ ಮಗನಿಗೂ ಸಮಯ ಕೊಡಿ. ಸ್ಕೂಲ್ ಗೇಟಿನ ಹತ್ತಿರ ಹೋಗಿ ಕರ್ಕೊಂಡು ಬರೋ ಯೋಚನೆ ಮಾತ್ರ ಮಾಡಲೇಬೇಡಿ, ಇದುವರೆಗೂ ಮಾಡಿದ ಒಳ್ಳೆಯದೆಲ್ಲ ನೀರಿಗೆ ಹೋಗುತ್ತೆ.

ಪ್ರಶ್ನೆ: ನಾವು ಮಂಡ್ಯದವರು, ಇರೋದು ಇಂಗ್ಲೆಂಡಿನಲ್ಲಿ. ಮಗಳು ಇಲ್ಲೇ 2021ರಲ್ಲಿ ಹುಟ್ಟಿದಳು. ಮದುವೆ ಆಗಿಲ್ಲ, ಆದರೆ ನೋಂದಣಿಗೆ ಇಬ್ಬರೂ ಹೋಗಿದ್ದೆವು, ಬರ್ತ್ ಸರ್ಟಿಫಿಕೇಟಿನಲ್ಲಿ ಅವನ ಹೆಸರಿದೆ. ಈಗ ಬೇರೆಯಾಗಿದ್ದೇವೆ. ಚೈಲ್ಡ್ ಮೇಂಟೆನೆನ್ಸ್ ಸರ್ವಿಸ್‌ಗೆ (ಮಗುವಿನ ಖರ್ಚು ಕೊಡಿಸುವ ಇಲ್ಲಿನ ಸರ್ಕಾರಿ ವ್ಯವಸ್ಥೆ) ಅರ್ಜಿ ಹಾಕಿದರೆ ಅವನ ಹಕ್ಕು ಜಾಸ್ತಿ ಆಗುತ್ತಾ?
— ಹೆಸರು ಬೇಡ

ಉತ್ತರ: ಆಗಲ್ಲ, ಅವನ ಹಕ್ಕು ಆಗಲೇ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರ ಡಿಸೆಂಬರ್ 1ರಿಂದ, ಮದುವೆಯಾಗದ ತಂದೆ, ಮಗುವಿನ ತಾಯಿಯ ಜೊತೆ ಹೋಗಿ ಜನನ ನೋಂದಣಿ ಮಾಡಿಸಿದರೆ ಅವನಿಗೆ ಪೇರೆಂಟಲ್ ರೆಸ್ಪಾನ್ಸಿಬಿಲಿಟಿ, ಅಂದರೆ ಹೆತ್ತವರಿಗೆ ಮಗುವಿನ ಮೇಲಿರುವ ಕಾನೂನಿನ ಹಕ್ಕು ಮತ್ತು ಹೊಣೆ ಬರುತ್ತೆ. ಬರ್ತ್ ಸರ್ಟಿಫಿಕೇಟಿನಲ್ಲಿ ಹೆಸರಿಲ್ಲದ ತಂದೆಗೆ ತಾಯಿಯ ಜೊತೆ ಒಪ್ಪಂದ ಅಥವಾ ಕೋರ್ಟ್ ಆದೇಶ ಬೇಕು, ಮೇಂಟೆನೆನ್ಸ್ ಕಟ್ಟಿದ ಮಾತ್ರಕ್ಕೆ ಅದು ಸಿಗಲ್ಲ.

ನೀವು ಗಮನಿಸಬೇಕಾದ್ದು ರಾತ್ರಿಗಳ ಲೆಕ್ಕ. ಅಲ್ಲಿ ತಂದೆಯ ವಾರದ ಒಟ್ಟು ಆದಾಯ 200ರಿಂದ 800 ಪೌಂಡ್ ಒಳಗಿದ್ದರೆ ಒಂದು ಮಗುವಿಗೆ 12% ಕಟ್ಟಬೇಕು. 600 ಪೌಂಡ್ ಇದ್ದರೆ 72. ವರ್ಷಕ್ಕೆ 52ರಿಂದ 103 ರಾತ್ರಿ ಮಗು ಅವನ ಮನೆಯಲ್ಲಿ ಮಲಗಿದರೆ ಏಳರಲ್ಲಿ ಒಂದು ಭಾಗ ಕಡಿಮೆ, ಸುಮಾರು 62 ಆಗುತ್ತೆ. ಅರ್ಜಿ ಹಾಕಿದ ಮೇಲೆ 'ವಾರಕ್ಕೊಂದು ರಾತ್ರಿ ನನ್ನ ಹತ್ತಿರ ಇರಲಿ' ಅನ್ನೋ ಮಾತು ಬಂದರೆ ಅದು ಪ್ರೀತಿಯೋ ಲೆಕ್ಕವೋ ನಿಮಗೇ ಗೊತ್ತಾಗುತ್ತೆ. ಪ್ರೀತಿಯೇ ಆದರೆ ಹತ್ತು ಪೌಂಡಿಗೆ ಜಗಳ ಆಡಬೇಡಿ.

ರಜೆಗೆ ಮಂಡ್ಯಕ್ಕೆ ಬರುವಾಗ ಅವನ ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ. ಪೇರೆಂಟಲ್ ರೆಸ್ಪಾನ್ಸಿಬಿಲಿಟಿ ಇರುವ ತಂದೆಯನ್ನು ಕೇಳದೆ ಮಗುವನ್ನು ದೇಶದಾಚೆ ಕರೆತಂದರೆ ಅಲ್ಲಿ ಅದು ಅಪರಾಧ ಆಗಬಹುದು. ಮಗು ನಿಮ್ಮ ಜೊತೆ ಇರಬೇಕು ಅನ್ನೋ ಕೋರ್ಟ್ ಆದೇಶ ಇದ್ದರೆ 28 ದಿನದವರೆಗೆ ಒಪ್ಪಿಗೆ ಬೇಕಾಗಲ್ಲ.

ಪ್ರಶ್ನೆ: ಮೊಮ್ಮಗನಿಗೆ ಜೀವನಾಂಶದ ಆದೇಶ ಆಗಿದೆ. ಹಾಗಾದರೆ ಅವನ ಅಪ್ಪನ ಜಮೀನಿನಲ್ಲೂ ಪಾಲು ಬರುತ್ತಾ?
— ಒಬ್ಬ ಅಜ್ಜಿ, ಹಾಸನ ಜಿಲ್ಲೆ

ಉತ್ತರ: ಅಜ್ಜಿ, ಜೀವನಾಂಶದ ಆದೇಶದಿಂದ ಪಾಲು ಬರಲ್ಲ. ಮದುವೆಯೇ ಇಲ್ಲದೆ ಹುಟ್ಟಿದ ಮಗುವನ್ನು ಹಿಂದೂ ಉತ್ತರಾಧಿಕಾರ ಕಾಯ್ದೆ ತಾಯಿಯ ಕಡೆಗೆ ಮಾತ್ರ ಸೇರಿಸುತ್ತೆ. ತಂದೆ ಬೇಕಿದ್ದರೆ ವಿಲ್ ಬರೆದು ಕೊಡಬಹುದು. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಮಗು ಏನು ತಪ್ಪು ಮಾಡಿತ್ತು?

ಆದರೆ ಒಂದು ವಿಷಯ ವಿಚಾರಿಸಿ. ನಿಮ್ಮ ಮಗಳಿಗೆ ಅವನು ಯಾವುದಾದರೂ ದೇವಸ್ಥಾನದಲ್ಲಿ ಶಾಸ್ತ್ರಪ್ರಕಾರ ತಾಳಿ ಕಟ್ಟಿದ್ದನಾ? ಅವನಿಗೆ ಆಗಲೇ ಹೆಂಡತಿ ಇದ್ದು ಆ ಮದುವೆ ಕಾನೂನಿನಲ್ಲಿ ನಿಲ್ಲದೇ ಹೋದರೂ, ಹಿಂದೂ ವಿವಾಹ ಕಾಯ್ದೆಯ 16ನೇ ಸೆಕ್ಷನ್ ಮಗುವನ್ನು ಸಕ್ರಮ ಅಂತಲೇ ನೋಡುತ್ತೆ. ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಕೇಸಿನಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಅಂಥ ಮಗುವಿಗೆ ಅಪ್ಪನ ಸ್ವಂತ ಆಸ್ತಿಯಲ್ಲಷ್ಟೇ ಅಲ್ಲ, ಪಿತ್ರಾರ್ಜಿತದಲ್ಲಿ ಅಪ್ಪನ ಪಾಲಿಗೆ ಬರುವ ಭಾಗದಲ್ಲೂ ಹಕ್ಕಿದೆ ಅಂತ. ತಾಳಿ ಕಟ್ಟಿದ್ದರೆ ದೇವಸ್ಥಾನದ ರಸೀದಿ, ಫೋಟೋ, ಶಾಸ್ತ್ರ ಮಾಡಿಸಿದ ಅರ್ಚಕರ ಹೆಸರು, ಮುಂದೆ ನಿಂತಿದ್ದ ನೆಂಟರ ವಿಳಾಸ ಈಗಲೇ ಒಟ್ಟು ಮಾಡಿಡಿ. ಜೊತೆಗೆ ಜಮೀನಿನ ಪಹಣಿ ತೆಗೆಸಿ, ಯಾರ ಹೆಸರಲ್ಲಿದೆ ಅಂತ ನೋಡಿಕೊಂಡು ವಕೀಲರ ಹತ್ತಿರ ಹೋಗಿ.