ಊರಿನ ಶಾಲೆ ವಿಲೀನ: ಸಹಿಗೆ ಮೊದಲು ವ್ಯಾನಿನ ದುಡ್ಡು ಕೇಳಿ

ನಿಮ್ಮೂರಿನ 24 ಮಕ್ಕಳ ಕಿರಿಯ ಪ್ರಾಥಮಿಕ ಶಾಲೆಯನ್ನು ನಾಲ್ಕು ಕಿಲೋಮೀಟರ್ ಆಚೆಯ ಕರ್ನಾಟಕ ಪಬ್ಲಿಕ್ ಶಾಲೆಗೆ ಸೇರಿಸುತ್ತಾರಂತೆ, ಅದಕ್ಕೆ ದುಡ್ಡು ಎಲ್ಲಿಂದ ಬರುತ್ತದೆ, ಒಪ್ಪಬಹುದೇ ಎಂದು ಕೇಳಿದ್ದೀರಿ. ನಮ್ಮೂರ ಶಾಲೆ ಹೀಗೇ ವಿಲೀನವಾದಾಗ ನಾನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿದ್ದೆ (ಎಸ್‌ಡಿಎಂಸಿ). ಒಪ್ಪಿಗೆಯ ನಡಾವಳಿಗೆ ಸಹಿಯನ್ನೂ ಹಾಕಿದೆ.

ಕಟ್ಟಡದ ದುಡ್ಡು ಹೇಗೋ ಬರುತ್ತದೆ. 2025-26ರ ರಾಜ್ಯ ಬಜೆಟ್‌ನಲ್ಲೇ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ 500 ಕರ್ನಾಟಕ ಪಬ್ಲಿಕ್ ಶಾಲೆ ಮಾಡುವ ಘೋಷಣೆಯಾಗಿದೆ. ಕೊಠಡಿ ಒಮ್ಮೆ ಕಟ್ಟಿದರೆ ಮುಗಿಯಿತು. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ವ್ಯಾನಿಗೆ ಮಾತ್ರ ಡೀಸೆಲ್, ಡ್ರೈವರ್ ಸಂಬಳ, ವಿಮೆ ಅಂತ ವರ್ಷವೂ ದುಡ್ಡು ಬೇಕು. ಕೇಂದ್ರ, ರಾಜ್ಯ ಸೇರಿ ನಡೆಸುವ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸಾರಿಗೆ ಭತ್ಯೆ ಒಂದು ಮಗುವಿಗೆ ವರ್ಷಕ್ಕೆ ಹೆಚ್ಚೆಂದರೆ 6,000 ರೂಪಾಯಿ, ಅದರಲ್ಲಿ ನೂರಕ್ಕೆ 60 ಕೇಂದ್ರದ್ದು, 40 ರಾಜ್ಯದ್ದು. ನಿಮ್ಮ 24 ಮಕ್ಕಳಿಗೆ 1,44,000. ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 14,400. ಇಷ್ಟಕ್ಕೆ ದಿನಕ್ಕೆರಡು ಸಲ ಯಾರು ವ್ಯಾನ್ ಓಡಿಸುತ್ತಾರೆ ಅಂತ ನಿಮ್ಮೂರಲ್ಲೇ ವಿಚಾರಿಸಿ ನೋಡಿ.

ನಮ್ಮಲ್ಲಿ ಮೊದಲ ವರ್ಷ ದಾನಿಯೊಬ್ಬರು ವ್ಯಾನಿನ ಖರ್ಚು ಕೊಟ್ಟರು. ಮರುವರ್ಷ ದಸರಾ ರಜೆ ಮುಗಿದ ಮೇಲೆ ವ್ಯಾನ್ ಬರಲೇ ಇಲ್ಲ. ಮೂರು ಹೆಣ್ಣುಮಕ್ಕಳು ಮನೆಯಲ್ಲೇ ಉಳಿದರು. ಆ ಸಹಿ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಹಾಗಂತ ವಿಲೀನವೇ ಬೇಡ ಎನ್ನಲಾರೆ. ಒಬ್ಬರೇ ಮೇಷ್ಟ್ರು ಐದು ತರಗತಿ ನೋಡಿಕೊಳ್ಳುವ ಶಾಲೆಯಲ್ಲಿ ಮಕ್ಕಳಿಗೆ ಏನು ದಕ್ಕುತ್ತದೆ ಎನ್ನುವುದನ್ನೂ ಕಂಡಿದ್ದೇನೆ. ಆದರೆ ವಿಲೀನದಲ್ಲಿ ಡೈಸ್ ಕೋಡ್ (ಶಾಲೆಯ ಸರ್ಕಾರಿ ಗುರುತಿನ ಸಂಖ್ಯೆ) ಹೋದರೆ ಆ ಶಾಲೆಯ ಹೆಸರಿಗೆ ಬರುವ ಅನುದಾನವೂ ನಿಲ್ಲುತ್ತದೆ. 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000, ನೂರರವರೆಗೆ 25,000. ನಿಮ್ಮದರಂಥ ಮೂರು ಚಿಕ್ಕ ಶಾಲೆ ಒಂದಾದರೆ 30,000 ಬರುತ್ತಿದ್ದ ಕಡೆ 25,000, ಐದು ಸಾವಿರ ಖೋತಾ. ಬಿಸಿಯೂಟದ ಅಡುಗೆಯವರ ಲೆಕ್ಕವೂ ಹೀಗೇ: 25 ಮಕ್ಕಳವರೆಗೆ ಒಬ್ಬರು, ನೂರರವರೆಗೆ ಇಬ್ಬರು. ಆ ಮೂರು ಶಾಲೆಯ ಮೂವರಲ್ಲಿ ಒಬ್ಬರ ಕೆಲಸ ಹೋಗುತ್ತದೆ, ಅವರು ನಿಮ್ಮೂರಿನವರೇ ಆಗಿರಬಹುದು.

ರಾಜ್ಯದ ಶಿಕ್ಷಣ ಹಕ್ಕು (ಆರ್‌ಟಿಇ) ನಿಯಮದಂತೆ ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಕೊಡುವ ಅರ್ಜಿಯಲ್ಲಿ ಇದನ್ನೇ ಮುಂದಿಟ್ಟು, ಮೂರನೇ ವರ್ಷ ವ್ಯಾನಿನ ದುಡ್ಡು ಬಜೆಟ್‌ನ ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ ಅಂತ ಕೇಳಿ. ಉತ್ತರ ಬರಹದಲ್ಲೇ ಬರಲಿ. ಅದು ಕೈಗೆ ಸಿಗುವವರೆಗೆ ಒಂದರಿಂದ ಮೂರನೇ ತರಗತಿಯನ್ನಾದರೂ ಊರಲ್ಲೇ ಉಳಿಸಬೇಕು ಎಂದು ಎಸ್‌ಡಿಎಂಸಿ ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.