ಆಳೆತ್ತರ ಮೀರಿ ಬೆಳೆದ ಬೋಗನ್‌ವಿಲ್ಲಾ ಬೇಲಿಯನ್ನು ನಾವೇ ಕಡಿಯಬಹುದೇ? ಅಪಾಯಗಳೇನು?

ತುಮಕೂರಿನ ನಿಮ್ಮ ಹಳೆಯ ಮನೆಯ ಕಾಂಪೌಂಡಿನ ಉದ್ದಕ್ಕೂ ಬೋಗನ್‌ವಿಲ್ಲಾ ಹಲವು ವರ್ಷ ಸವರದೆ ಬೆಳೆದುನಿಂತಿದೆ, ಒಂದು ಮೂಲೆಯಲ್ಲಿ ಕಳ್ಳಿಯೂ ಸೇರಿಕೊಂಡಿದೆ, ಸಕ್ಕರೆ ಕಾಯಿಲೆಯಿರುವ ತಂದೆಯವರು ಆಳುಗಳನ್ನು ಕರೆಯದೆ ತಾವೇ ಮಚ್ಚು ಹಿಡಿಯುತ್ತೇನೆ ಎನ್ನುತ್ತಿದ್ದಾರೆ, ಹಾವಿನ ಭಯವೊಂದನ್ನು ಬಿಟ್ಟರೆ ಇನ್ನೇನನ್ನು ಗಮನಿಸಬೇಕು ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ನಮ್ಮ ತೋಟದ ಮುಳ್ಳುಬೇಲಿಯನ್ನು ಪ್ರತಿವರ್ಷ ಆಳುಗಳ ಜೊತೆ ನಿಂತು ಸವರಿಸುವವನು. ಇಷ್ಟು ವರ್ಷಗಳಲ್ಲಿ ನಾನು ಕಂಡಂತೆ, ಕಡಿಯುವಾಗ ಆಗುವ ಗಾಯಗಳಿಗಿಂತ ಕಡಿದದ್ದನ್ನು ಎಳೆಯುವಾಗ, ತುಳಿಯುವಾಗ ಮತ್ತು ಹೊರುವಾಗ ಆಗುವ ಗಾಯಗಳೇ ಹೆಚ್ಚು. ಆದ್ದರಿಂದ ಯಾವ ಕತ್ತಿ, ಎಷ್ಟು ಹರಿತ ಎಂಬುದಕ್ಕಿಂತ ಮೊದಲು, ಕಡಿದ ಸೊಪ್ಪು ಎಲ್ಲಿಗೆ ಬೀಳುತ್ತದೆ ಮತ್ತು ಅದನ್ನು ಯಾರು ಹೇಗೆ ತೆಗೆಯುತ್ತಾರೆ ಎಂಬುದನ್ನು ನಿರ್ಧರಿಸಿಕೊಳ್ಳಿ.

ಬೋಗನ್‌ವಿಲ್ಲಾ ನೋಡುವುದಕ್ಕೆ ಪೊದೆಯಾಗಿದ್ದರೂ ಸ್ವಭಾವದಲ್ಲಿ ಹತ್ತುಬಳ್ಳಿ. ಸುತ್ತಿಕೊಳ್ಳುವ ಕುಡಿಗಳು ಅದಕ್ಕಿಲ್ಲ. ಎಲೆಯ ಕಂಕುಳಲ್ಲಿ ಹುಟ್ಟುವ ಮುಳ್ಳುಗಳನ್ನೇ ಕೊಕ್ಕೆಯಾಗಿ ಬಳಸಿ ಪಕ್ಕದ ಕೊಂಬೆಗೆ, ಗೋಡೆಗೆ, ತಂತಿಗೆ ಆತುಕೊಂಡು ಏರುತ್ತದೆ. ಹೀಗಾಗಿ ಹಲವು ವರ್ಷ ಬಿಟ್ಟ ಬೇಲಿಯಲ್ಲಿ ಯಾವ ರೆಂಬೆಯೂ ಒಂಟಿಯಾಗಿರುವುದಿಲ್ಲ. ಬುಡದಲ್ಲಿ ಕಡಿದರೂ ಅದು ನೆಲಕ್ಕೆ ಬೀಳದೆ ಮೇಲೆಯೇ ತೂಗಾಡುತ್ತದೆ, ಬೇಸತ್ತು ಜಗ್ಗಿದಾಗ ಅಷ್ಟು ಹೊತ್ತು ಬಾಗಿ ಬಿಗಿದುಕೊಂಡಿದ್ದ ಉದ್ದನೆಯ ರೆಂಬೆ ಒಮ್ಮೆಲೇ ಬಿಡಿಸಿಕೊಂಡು ಮುಖಕ್ಕೆ ಬಡಿಯುತ್ತದೆ. ಕಣ್ಣಿಗೆ ಪೆಟ್ಟಾಗುವುದು ಸಾಮಾನ್ಯವಾಗಿ ಹೀಗೆಯೇ. ಬುಡದಿಂದ ಆರಂಭಿಸುವ ಆಸೆಯನ್ನು ಬಿಟ್ಟು, ಹೊರಗಿನ ತುದಿಯಿಂದ ಒಳಕ್ಕೆ, ಒಂದು ಒಂದೂವರೆ ಅಡಿಯ ತುಂಡುಗಳಾಗಿ ಕತ್ತರಿಸುತ್ತ ಬನ್ನಿ. ಕೆಲಸ ನಿಧಾನವೆನಿಸಿದರೂ ತುಂಡುಗಳು ಒಂದಕ್ಕೊಂದು ಸಿಕ್ಕಿಕೊಳ್ಳದೆ ಉದುರುತ್ತವೆ. ಮಚ್ಚು ಬೀಸಲು ಜಾಗ ಬೇಕು, ತಪ್ಪಿದ ಏಟು ಗೋಡೆಗೋ ಮೊಣಕಾಲಿಗೋ ತಾಗುತ್ತದೆ. ಹೆಬ್ಬೆರಳ ದಪ್ಪದವರೆಗಿನ ರೆಂಬೆಗೆ ಉದ್ದ ಹಿಡಿಯ ಕತ್ತರಿಯೂ ಅದಕ್ಕಿಂತ ದಪ್ಪದ್ದಕ್ಕೆ ಕೈಗರಗಸವೂ ಸಾಕು. ನಮ್ಮ ಕಡೆಯ ಆಳುಗಳು ಎಡಗೈಯಲ್ಲಿ ಕವೆಗೋಲು ಹಿಡಿದು ಮುಳ್ಳನ್ನು ಒತ್ತಿಟ್ಟುಕೊಂಡು ಬಲಗೈಯಲ್ಲಿ ಕಡಿಯುತ್ತಾರೆ, ಕಡಿದದ್ದನ್ನೂ ಅದೇ ಕವೆಯಿಂದ ದೂಡುತ್ತಾರೆ. ಅಂಗಡಿಯಲ್ಲಿ ಸಿಗುವ ಯಾವ ಉಪಕರಣಕ್ಕಿಂತಲೂ ಇದು ಕೈಯನ್ನು ಚೆನ್ನಾಗಿ ಕಾಯುತ್ತದೆ ಎಂದು ನಾನು ನಂಬಿದ್ದೇನೆ.

ತೋಟದ ಕೆಲಸಕ್ಕೆಂದು ಮಾರುವ ತೆಳುವಾದ ಬಟ್ಟೆಯ ಅಥವಾ ರಬ್ಬರಿನ ಕೈಗವಸನ್ನು ಈ ಮುಳ್ಳು ಲೆಕ್ಕಿಸುವುದಿಲ್ಲ. ವೆಲ್ಡಿಂಗ್ ಮಾಡುವವರು ತೊಡುವ, ಮೊಣಕೈಯ ಹತ್ತಿರದವರೆಗೂ ಬರುವ ಚರ್ಮದ ಕೈಗವಸು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಅದೂ ಪೂರ್ಣ ರಕ್ಷಣೆಯಲ್ಲ, ಮುಳ್ಳಿನ ರೆಂಬೆಯನ್ನು ಬಿಗಿಯಾಗಿ ಹಿಡಿಯಲು ಅದು ಅನುಮತಿಪತ್ರವೂ ಅಲ್ಲ. ಪಕ್ಕದಿಂದಲೂ ಮುಚ್ಚುವ ಕನ್ನಡಕ ಹಾಕದೆ ಯಾರೂ ಬೇಲಿಯ ಹತ್ತಿರ ಹೋಗಬಾರದು. ಹವಾಯಿ ಚಪ್ಪಲಿಯ ಅಟ್ಟೆಯನ್ನು ಮುಳ್ಳು ನೇರವಾಗಿ ದಾಟಿಬರುವುದರಿಂದ ದಪ್ಪ ಅಟ್ಟೆಯ ಬೂಟು ಅಗತ್ಯ.

ಕತ್ತರಿ ಆಡಿಸುವ ಮೊದಲು ಬೇಲಿಯ ಎರಡೂ ಬದಿಯಿಂದ ಒಳಗನ್ನು ಚೆನ್ನಾಗಿ ನೋಡಿ. ಹಳೆಯ ಬೇಲಿಯ ಹೊಟ್ಟೆಯಲ್ಲಿ ತುಕ್ಕು ಹಿಡಿದ ಮುಳ್ಳುತಂತಿ, ಗೋಡೆಯ ಮೇಲೆ ಹಿಂದೆ ನೆಟ್ಟ ಗಾಜಿನ ಚೂರು, ಯಾರೋ ಎಸೆದ ಬಾಟಲಿ ಇವೆಲ್ಲ ಇರುತ್ತವೆ. ಮೋಟಾರಿನ ಕಳೆ ಕತ್ತರಿಸುವ ಯಂತ್ರವನ್ನು ಇಂತಹ ಕಡೆ ಬಳಸಲೇಬಾರದು, ಏಕೆಂದರೆ ಅದರ ಅಲಗಿಗೆ ಸಿಕ್ಕ ತಂತಿಯ ತುಂಡು ಅಥವಾ ಕಲ್ಲು ಯಾವ ದಿಕ್ಕಿಗೆ ಚಿಮ್ಮುತ್ತದೆ ಎಂದು ಹೇಳಲಾಗದು. ಕಂಬದಿಂದ ಮನೆಗೆ ಬರುವ ವಿದ್ಯುತ್ ತಂತಿಯನ್ನು ಬಳ್ಳಿ ಮುಟ್ಟಿದ್ದರೆ ಆ ಭಾಗಕ್ಕೆ ನೀವು ಕೈ ಹಾಕಬೇಡಿ. ಹಸಿರು ರೆಂಬೆಯಲ್ಲಿ ನೀರಿರುವುದರಿಂದ ವಿದ್ಯುತ್ ಹರಿಯಬಲ್ಲದು, ಅಲ್ಯೂಮಿನಿಯಂ ಏಣಿಯ ಮೇಲೆ ನಿಂತವನಿಗೆ ಎಚ್ಚರಿಕೆಯ ಅವಕಾಶವೂ ಸಿಗುವುದಿಲ್ಲ. 1912ಕ್ಕೆ ಕರೆ ಮಾಡಿ, ಸರಬರಾಜು ನಿಲ್ಲಿಸಿಸಿ, ಲೈನ್‌ಮನ್ ಬಂದ ಮೇಲೆಯೇ ಅಲ್ಲಿನ ಕೆಲಸ ನಡೆಯಲಿ.

ಕೋಲುಜೇನು ಇಂತಹ ಪೊದೆಯ ಒಳರೆಂಬೆಗೆ ಅಂಗೈಯಷ್ಟಗಲದ ಒಂದೇ ಹುಟ್ಟಿ ಕಟ್ಟುತ್ತದೆ, ಕಣಜಗಳ ಗೂಡೂ ಎಲೆಯ ಮರೆಯಲ್ಲಿರುತ್ತದೆ. ಹತ್ತು ನಿಮಿಷ ಸುಮ್ಮನೆ ನಿಂತು ಹುಳುಗಳು ಹೋಗಿಬರುವ ದಾರಿಯನ್ನು ಗಮನಿಸಿದರೆ ಗೂಡು ಎಲ್ಲಿದೆ ಎಂದು ತಿಳಿದುಬಿಡುತ್ತದೆ. ಕಡಿತದ ನಂತರ ಮೈಯೆಲ್ಲ ದದ್ದು, ಉಸಿರಾಟಕ್ಕೆ ತೊಂದರೆ ಅಥವಾ ತಲೆಸುತ್ತು ಕಂಡರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಪಿಕಳಾರದ ಗೂಡಿನಲ್ಲಿ ಮೊಟ್ಟೆಯೋ ಮರಿಯೋ ಇದ್ದರೆ ಆ ಭಾಗವನ್ನು ಒಂದು ತಿಂಗಳು ಬಿಟ್ಟುಬಿಡಿ, ಅಷ್ಟರಲ್ಲಿ ಮರಿಗಳು ಹಾರಿಹೋಗಿರುತ್ತವೆ.

ಹಾವಿನ ಭಯ ನಿರಾಧಾರವಲ್ಲ. ಬುಡದಲ್ಲಿ ತರಗೆಲೆ ದಪ್ಪಗೆ ಕೂತಿರುವ ಬೇಲಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ನಾಗರಹಾವು ಮತ್ತು ಕೊಳಕುಮಂಡಲ ಬರುತ್ತವೆ. ನಾಗರ ಸಾಮಾನ್ಯವಾಗಿ ಸದ್ದಿಗೆ ಸರಿದುಹೋಗುತ್ತದೆ. ಕೊಳಕುಮಂಡಲ ಮಾತ್ರ ಇದ್ದಲ್ಲೇ ಸುತ್ತಿಕೊಂಡು ಪ್ರೆಶರ್ ಕುಕ್ಕರಿನ ಆವಿ ಬಿಟ್ಟಂತೆ ಬುಸುಗುಡುತ್ತದೆ. ಆ ಸದ್ದು ಕೇಳಿದರೆ ಹಿಂದೆ ಸರಿದು ಹಾವು ಹಿಡಿಯುವವರನ್ನು ಕರೆಯಿರಿ. ಹಿಂದಿನ ದಿನವೇ ಉದ್ದ ಕೋಲಿನಿಂದ ಬುಡವನ್ನು ತಡಕಿ ತರಗನ್ನು ಕುಂಟೆಯಿಂದ ಹೊರಗೆಳೆದಿಡಿ, ಬೆಳಕು ಚೆನ್ನಾಗಿರುವಾಗಲೇ ಕೆಲಸ ಮಾಡಿ, ನೆಲ ಕಾಣದ ಜಾಗಕ್ಕೆ ಕೈ ಹಾಕಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಆ ಅಂಗವನ್ನು ಅಲುಗಾಡಿಸದೆ 108ರಲ್ಲಿ ವಿಷನಿರೋಧಕ ಔಷಧವಿರುವ ಆಸ್ಪತ್ರೆಗೆ ಒಯ್ಯಬೇಕು. 2024ರಲ್ಲಿ ಕರ್ನಾಟಕವು ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ಮೂಲೆಯ ಕಳ್ಳಿಯ ವಿಷಯದಲ್ಲಿ ಮುಳ್ಳಿಗಿಂತ ಹಾಲಿಗೆ ಹೆದರಬೇಕು. ಕಡಿದ ಕೂಡಲೇ ಬಿಳಿ ಹಾಲು ಚಿಮ್ಮುತ್ತದೆ, ಅದು ಕಣ್ಣಿಗೆ ಬಿದ್ದರೆ ಕಾರ್ನಿಯಾ ಸುಟ್ಟಂತಾಗಿ ಊದಿಕೊಳ್ಳುತ್ತದೆ. ಉರಿ ಮೊದಲಿಗೆ ಅಲ್ಪವಾಗಿದ್ದು ಕೆಲವು ಗಂಟೆಗಳ ನಂತರ ಹೆಚ್ಚುವುದುಂಟು, ಹಾಗಾಗಿ ಬೆಳಗ್ಗೆ ನೋಡೋಣ ಎಂದು ಮಲಗುವವರೇ ಕಷ್ಟಕ್ಕೆ ಸಿಲುಕುತ್ತಾರೆ. ತಕ್ಷಣ ಶುದ್ಧ ನೀರಿನಲ್ಲಿ ಕಾಲು ಗಂಟೆಯಾದರೂ ಕಣ್ಣನ್ನು ತೊಳೆದು ಅಂದೇ ನೇತ್ರವೈದ್ಯರಿಗೆ ತೋರಿಸಬೇಕು. ಕೈಗವಸಿಗೆ ಹಾಲು ಅಂಟಿರುವುದನ್ನು ಮರೆತು ಬೆವರು ಒರೆಸಿಕೊಳ್ಳುವುದೂ ಇದೇ ಅನಾಹುತಕ್ಕೆ ದಾರಿ. ಕಳ್ಳಿಯ ಕೆಲಸವನ್ನು ಬೇರೆ ದಿನಕ್ಕೆ ಇಟ್ಟುಕೊಂಡರೆ ಒಳ್ಳೆಯದು.

ಇನ್ನು ಚುಚ್ಚಿದ ಮುಳ್ಳಿನ ಮಾತು. ಇದನ್ನು ನಾವು ತೀರ ಹಗುರವಾಗಿ ಕಾಣುತ್ತೇವೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬ ಗಾದೆ ರಾಜಕಾರಣಕ್ಕೆ ಸರಿ, ಬೆರಳಿಗೆ ಸಲ್ಲದು. ಸೋಪಿನಿಂದ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿ ಮತ್ತು ಚಿಮಟದಿಂದ ತೆಗೆಯಬೇಕು. ಮುಳ್ಳು ಮೇಲೆ ಬರಲೆಂದು ಎಕ್ಕದ ಹಾಲು ಹಚ್ಚುವ ಪದ್ಧತಿಯನ್ನು ಹಿರಿಯರು ಸೂಚಿಸಬಹುದು, ಆದರೆ ಆ ಹಾಲಿನ ಬೆರಳು ಕಣ್ಣಿಗೆ ತಾಗಿದರೆ ನೋವೇ ಇಲ್ಲದೆ ದೃಷ್ಟಿ ಮಸುಕಾಗಬಹುದಾದ್ದರಿಂದ ನಾನು ಅದನ್ನು ಒಪ್ಪುವುದಿಲ್ಲ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿರುತ್ತದೆ, ಮುಳ್ಳು ಮಾಡುವ ಕಿರಿದಾದ ಆಳದ ಗಾಯ ಅದಕ್ಕೆ ಅನುಕೂಲ; ಮಣ್ಣು ಸೇರಿದ ಇಂತಹ ಗಾಯವಾಗಿ ಹಿಂದಿನ ಲಸಿಕೆಗೆ ಐದು ವರ್ಷ ಮೀರಿದ್ದರೆ ಮತ್ತೊಂದು ಚುಚ್ಚುಮದ್ದು ಬೇಕಾಗುತ್ತದೆ. ಕೆಲಸಕ್ಕೆ ಮೊದಲೇ ಹಾಕಿಸಿಕೊಂಡಿರುವುದು ಜಾಣತನ.

ಮುಳ್ಳಿನ ತುದಿ ಬೆರಳಿನ ಗಿಣ್ಣಿನಲ್ಲಿ ಮುರಿದು ಉಳಿದರೆ ಗಾಯ ಮಾಯ್ದ ಮೇಲೂ ಕೀಲು ವಾರಗಟ್ಟಲೆ ಊದಿ ಬಿಗಿದುಕೊಳ್ಳುತ್ತದೆ. ಕಟ್ಟಿಗೆಯ ಚೂರು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಅಲ್ಟ್ರಾಸೌಂಡಿನಲ್ಲಿ ಕಾಣಬಹುದು. ಅಷ್ಟರಲ್ಲಿ ಬೇಲಿಯ ನೆನಪೇ ಹೋಗಿರುವ ರೋಗಿಯು ಸಂಧಿವಾತವೆಂದು ಮಾತ್ರೆ ನುಂಗುತ್ತಿರುತ್ತಾನೆ. ಮಣ್ಣು ಮತ್ತು ಗಿಡದ ಮೇಲಿರುವ ಒಂದು ಶಿಲೀಂಧ್ರವೂ ಮುಳ್ಳಿನ ಗಾಯದ ಮೂಲಕ ಒಳಸೇರಿ, ಕೆಲವು ವಾರಗಳ ನಂತರ ಚುಚ್ಚಿದಲ್ಲಿ ಒಂದು ಗಂಟು, ಮುಂದೆ ತೋಳಿನುದ್ದಕ್ಕೂ ಸಾಲಾಗಿ ಇನ್ನಷ್ಟು ಗಂಟುಗಳನ್ನು ಎಬ್ಬಿಸುತ್ತದೆ. ಇವೆರಡಕ್ಕೂ ಚಿಕಿತ್ಸೆಯಿದೆ, ಆದರೆ ಮುಳ್ಳು ಚುಚ್ಚಿತ್ತು ಎಂಬ ಒಂದು ಮಾತನ್ನು ವೈದ್ಯರಿಗೆ ನೀವೇ ಹೇಳಬೇಕು.

ಕಡಿದ ರಾಶಿಯನ್ನು ತೋಳಿನಲ್ಲಿ ತಬ್ಬಿ ಎತ್ತಬೇಡಿ. ಹಳೆಯ ತಾಡಪಾಲನ್ನು ಬೇಲಿಯ ಬುಡಕ್ಕೆ ಹಾಸಿ ಅದರ ಮೇಲೆಯೇ ಬೀಳಿಸಿದರೆ ನಾಲ್ಕು ಮೂಲೆ ಹಿಡಿದು ಎಳೆದೊಯ್ಯಬಹುದು, ನೆಲದಲ್ಲಿ ಚದುರುವ ಮುಳ್ಳೂ ಕಡಿಮೆಯಾಗುತ್ತದೆ. ಒಣಗಿದಷ್ಟೂ ಮುಳ್ಳು ಗಡುಸಾಗುವುದರಿಂದ ರಾಶಿಯನ್ನು ಅಂಗಳದಲ್ಲಿ ತಿಂಗಳುಗಟ್ಟಲೆ ಬಿಡಬಾರದು. ಸುಡುವ ಯೋಚನೆಯನ್ನು ಕೈಬಿಡಿ. ನಗರದಲ್ಲಿ ಅದು ನಿಷಿದ್ಧ, ಕಳ್ಳಿ ಸೇರಿದ ರಾಶಿಯ ಹೊಗೆ ಕಣ್ಣು ಗಂಟಲನ್ನು ಉರಿಸುತ್ತದೆ. ಆಡು ಮೇಯದಂತೆ ಸಸಿಗಳ ಸುತ್ತ ಮುಳ್ಳು ಹಾಕುವ ರೈತರು ಹತ್ತಿರದಲ್ಲಿದ್ದರೆ ಸಂತೋಷದಿಂದ ಒಯ್ಯುತ್ತಾರೆ. ಉಳಿದ ಮೋಟುಗಳನ್ನು ಓರೆಯಾಗಿ ಬಿಡದೆ ಸಮತಟ್ಟಾಗಿ ಗರಗಸದಿಂದ ಕೊಯ್ಯಿರಿ, ಓರೆಯಾಗಿ ಕಡಿದ ಮೋಟು ಎಡವಿದವನಿಗೆ ಈಟಿಯೇ ಸರಿ.

ನಿಮ್ಮ ತಂದೆಯವರು ಈ ಕೆಲಸಕ್ಕೆ ಇಳಿಯಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ಸ್ಪರ್ಶಜ್ಞಾನ ಕುಗ್ಗುತ್ತದೆ. ಮುಳ್ಳು ಹೊಕ್ಕದ್ದು ತಿಳಿಯುವುದೇ ಇಲ್ಲ, ಗೊತ್ತಾಗುವ ಹೊತ್ತಿಗೆ ಹುಣ್ಣಾಗಿರುತ್ತದೆ. ಆದರೆ ಬೇಡ ಎಂದಷ್ಟೇ ಹೇಳಿದರೆ ಹಿರಿಯರು ಕೇಳುವುದಿಲ್ಲ ಎಂಬುದೂ ನಿಜ. ಎಲ್ಲಿಯವರೆಗೆ ಕಡಿಯಬೇಕು, ಯಾವ ಕಾಂಡ ಉಳಿಯಬೇಕು ಎಂಬುದನ್ನು ಅವರೇ ನಿರ್ಧರಿಸಲಿ, ಬೂಟು ತೊಟ್ಟು ಬೇಲಿಯಿಂದ ಹತ್ತಡಿ ದೂರದಲ್ಲಿ ಕುರ್ಚಿ ಹಾಕಿಕೊಂಡು ಆಳುಗಳಿಗೆ ಹೇಳಿಸಲಿ. ಕೆಲಸ ಮುಗಿದ ಮೇಲೂ ಒಂದೆರಡು ವಾರ ಅಂಗಳದಲ್ಲಿ ಬರಿಗಾಲಲ್ಲಿ ಓಡಾಡಲು ಬಿಡಬೇಡಿ, ರಾತ್ರಿ ಅವರ ಎರಡೂ ಪಾದಗಳನ್ನು ಬೆಳಕಿನಲ್ಲಿ ನೀವೇ ನೋಡಿ.